ಕುದುರೆಯ ರೋಗನಿದಾನ: ನಂಜನಗೂಡು ಮತ್ತು ತಿ. ನರಸೀಪುರ ಸೀಮೆ

ಲಕ್ಷಣ, ದೇಹಪರೀಕ್ಷೆ, ಪ್ರಯೋಗಾಲಯದ ವರದಿ ಮತ್ತು ಪರಿಸರ ಇವುಗಳನ್ನು ಕೂಡಿಸಿ ನೋಡಿ ಕುದುರೆಯ ಕಾಯಿಲೆಯ ಮೂಲವನ್ನು ಪತ್ತೆ ಹಚ್ಚುವ ಕ್ರಮಕ್ಕೆ ರೋಗನಿದಾನ ಎಂದು ಹೆಸರು. ಹಸುವಿನ ಕಾಯಿಲೆಗಿಂತ ಕುದುರೆಯ ಕಾಯಿಲೆ ಗುರುತಿಸುವುದು ಕಷ್ಟ. ಬೇಟೆಯ ಪ್ರಾಣಿಗಳಿಂದ ಓಡಿ ತಪ್ಪಿಸಿಕೊಂಡು ಬದುಕಿದ ಜಾತಿ ಇದು, ಹಾಗಾಗಿ ನೋವನ್ನು ಸುಲಭವಾಗಿ ತೋರಗೊಡುವುದಿಲ್ಲ. ಅದಕ್ಕೆ ವಾಂತಿಯಾಗುವುದಿಲ್ಲ, ತಿಂದ ವಿಷ ಹೊರಬರುವ ದಾರಿಯೂ ಇಲ್ಲ. ಒಂದೇ ಲಕ್ಷಣದ ಹಿಂದೆ ಐದಾರು ಕಾಯಿಲೆಗಳು ಅಡಗಿರಬಹುದು. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಂಥ ನದಿ ಬಯಲಿನಲ್ಲಿ ಇನ್ನೊಂದು ತೊಡಕೂ ಇದೆ. ಇಲ್ಲಿ ಕುದುರೆಯ ಕಾಯಿಲೆಗೆ ಕಾರಣ ಬಹಳಷ್ಟು ಸಲ ಕುದುರೆಯೊಳಗೆ ಸಿಗುವುದಿಲ್ಲ. ಪಕ್ಕದ ಕೊಟ್ಟಿಗೆಯ ಎತ್ತಿನಲ್ಲಿ, ಗದ್ದೆಯ ಸೊಳ್ಳೆಯಲ್ಲಿ, ಮೇವಿನ ಹುಲ್ಲಿನಲ್ಲಿ, ಹೊಳೆದಂಡೆಯ ಮರಳಿನಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಸೀಮೆಯ ಸ್ವರೂಪ

ನಂಜನಗೂಡು ಕಪಿಲೆಯ ದಂಡೆಯ ಊರು. ತಿ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತದೆ. ಹುಲ್ಲಹಳ್ಳಿ ನಾಲೆ, ತಲಕಾಡಿನ ಬಳಿಯ ಮಾಧವಮಂತ್ರಿ ನಾಲೆಗಳಂಥ ಹಳೆಯ ನೀರಾವರಿಯ ಜೊತೆಗೆ 1970ರ ದಶಕದಲ್ಲಿ ಕಬಿನಿ ಜಲಾಶಯದ ನಾಲೆಗಳೂ, ಆಮೇಲೆ ವರುಣಾ ನಾಲೆಯೂ ಬಂದವು. ತಿ. ನರಸೀಪುರದ ಬಹುಭಾಗ ಭತ್ತದ ಗದ್ದೆಯಾಯಿತು. ನಂಜನಗೂಡಿನ ದಕ್ಷಿಣದ ಬೆದ್ದಲಿನಲ್ಲಿ ರಾಗಿ, ಜೋಳ, ಹುರುಳಿ, ಹತ್ತಿ ಉಳಿದವು. ಸುತ್ತೂರು ಮತ್ತು ಮುಡುಕುತೊರೆಯ ಜಾತ್ರೆಗಳಲ್ಲಿ ಸೇರುವ ದನಗಳನ್ನು ನೋಡಿದರೆ ಈ ಸೀಮೆಯ ರಾಸುಗಳ ಬಲ ತಿಳಿಯುತ್ತದೆ. ನಿಂತ ನೀರು, ದಟ್ಟವಾದ ಜಾನುವಾರು, ವರ್ಷವಿಡೀ ಹಸಿರು ಮೇವು ಇವೆಲ್ಲ ರೈತನ ಪಾಲಿಗೆ ಭಾಗ್ಯ. ಒಣನಾಡಿನಲ್ಲಿ ವಿಕಾಸವಾದ ಕುದುರೆಗೆ ಅವೇ ತೊಂದರೆಯ ಬೇರು.

ಇಲ್ಲಿ ಕುದುರೆ ಎಂದೂ ಎತ್ತಿನ ಹಾಗೆ ಮನೆಮನೆಯ ಪ್ರಾಣಿಯಾಗಿರಲಿಲ್ಲ. ಅರಮನೆ, ದಂಡು ಮತ್ತು ಜಟಕಾ ಈ ಮೂರಕ್ಕೇ ಅದು ಮೀಸಲು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದ ಮೇಲೂ ಯಾತ್ರಿಕರನ್ನು ಊರೊಳಗೆ ಒಯ್ಯಲು ಜಟಕಾ ಬೇಕಿತ್ತು. ಈಗ ಉಳಿದಿರುವುದು ಮದುವೆ ಮೆರವಣಿಗೆಯ ಕುದುರೆ, ಸವಾರಿ ಕಲಿಸುವ ಶಾಲೆಗಳು, ತೋಟದ ಮನೆಗಳಲ್ಲಿ ಹವ್ಯಾಸಕ್ಕೆ ಸಾಕಿದವು, ಓಟದಿಂದ ನಿವೃತ್ತಿಯಾಗಿ ಕೈ ಬದಲಾಯಿಸಿದ ಕುದುರೆಗಳು ಮಾತ್ರ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6 ಲಕ್ಷಕ್ಕೂ ಮೀರಿ ಇದ್ದ ಕುದುರೆ, ತಟ್ಟುಗಳ ಸಂಖ್ಯೆ 2019ರ ಗಣತಿಯ ವೇಳೆಗೆ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಸಂಖ್ಯೆ ಇಳಿದ ಹಾಗೆ ಕುದುರೆ ನೋಡಿ ಪಳಗಿದ ಕಣ್ಣುಗಳೂ ಕಡಿಮೆಯಾಗುತ್ತವೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರ ದಿನವೆಲ್ಲ ಹಸು, ಎಮ್ಮೆ, ಕುರಿ, ಮೇಕೆಗಳಲ್ಲೇ ಕಳೆಯುತ್ತದೆ. ಕುದುರೆಯ ಒಗಟು ಒಗಟಾಗಿಯೇ ಉಳಿಯಲು ಇದೂ ಒಂದು ಕಾರಣ.

ಹಳೆಯ ತಿಳಿವಳಿಕೆ

ಪ್ರಾಣಿಯ ಬಗೆಹರಿಯದ ಕಾಯಿಲೆಗೆ ಸಂಬಂಧಿಸಿದ ಐತಿಹ್ಯಗಳಲ್ಲಿ ನಾಡಿನಲ್ಲೆಲ್ಲ ಹೆಸರಾದದ್ದು ನಂಜನಗೂಡಿನದೇ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾಯಿತು, ವೈದ್ಯರು ಕೈಚೆಲ್ಲಿದರು, ನಂಜುಂಡೇಶ್ವರನಿಗೆ ಒಂದು ಮಂಡಲ ಪೂಜೆ ನಡೆದ ಮೇಲೆ ದೃಷ್ಟಿ ಮರಳಿತು, ಸುಲ್ತಾನ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಅರ್ಪಿಸಿದ ಎಂಬುದು ಕಥೆ. ಭಕ್ತರ ನಂಬಿಕೆಯನ್ನು ತಕ್ಕಡಿಗೆ ಹಾಕುವುದು ಈ ಲೇಖನದ ಕೆಲಸವಲ್ಲ. ಆದರೆ ಕಣ್ಣಿನ ಉರಿಯೂತದಲ್ಲಿ ಪೊರೆ ಕವಿದಂತಾಗಿ ಕೆಲವು ವಾರಗಳ ನಂತರ ತಾನೇ ತಿಳಿಯಾಗುವ ಬಗೆಗಳುಂಟು ಎಂಬುದನ್ನು ಪಶುವೈದ್ಯರು ಬಲ್ಲರು. ಕುದುರೆಯಲ್ಲಂತೂ ಅದು ತೀರ ಸಾಮಾನ್ಯ. ಮುಂದೆ ಆ ವಿಷಯ ಬರುತ್ತದೆ.

ಕನ್ನಡದಲ್ಲಿ ಪಶುವೈದ್ಯ ಶಾಸ್ತ್ರದ ಬರವಣಿಗೆ ಹಳೆಯದು. ಚಾಳುಕ್ಯರ ಕೀರ್ತಿವರ್ಮ 12ನೆಯ ಶತಮಾನದಲ್ಲಿ ಗೋವೈದ್ಯ ಬರೆದ. ಅಭಿನವಚಂದ್ರ ಅಶ್ವಶಾಸ್ತ್ರವನ್ನು ರಚಿಸಿದ. ಮೈಸೂರಿನ ಚಾಮರಾಜ ಒಡೆಯರ ಕಾಲದಲ್ಲಿ, 1627ರ ಸುಮಾರಿಗೆ, ಪದ್ಮಣ ಪಂಡಿತ ಹಯಸಾರಸಮುಚ್ಚಯವನ್ನು ಬರೆದ. ಈ ಪರಂಪರೆಯ ಮೂಲಪುರುಷ ಶಾಲಿಹೋತ್ರ. ವಾತ, ಪಿತ್ತ, ಕಫಗಳ ಲೆಕ್ಕದಲ್ಲಿ ಕಾಯಿಲೆ ವಿಂಗಡಿಸಿದರೂ ಋತು, ಮೇವು, ನೀರು, ನೆಲ ಇವನ್ನು ಮೊದಲು ವಿಚಾರಿಸುವ ಅಭ್ಯಾಸ ಈ ಶಾಸ್ತ್ರಕ್ಕಿತ್ತು. ಸೂಕ್ಷ್ಮದರ್ಶಕ ಬಂದ ಮೇಲೆ ಆ ಅಭ್ಯಾಸ ಹಿಂದೆ ಸರಿದದ್ದು ಲಾಭವಲ್ಲ.

ಅನ್ಯದೇಶದ ಕುದುರೆ ದಕ್ಷಿಣ ಭಾರತದಲ್ಲಿ ಬಾಳುವುದಿಲ್ಲ ಎಂಬ ದೂರು 13ನೆಯ ಶತಮಾನದ ಮಾರ್ಕೊ ಪೋಲೊನಿಂದಲೇ ಕೇಳಿಬರುತ್ತದೆ. ಚೋಳಮಂಡಲ ತೀರದ ಅರಸರು ವರ್ಷವರ್ಷವೂ ಅರಬ್ಬೀ ಕುದುರೆಗಳನ್ನು ತರಿಸುತ್ತಿದ್ದರು, ಅವು ಬೇಗನೆ ಸಾಯುತ್ತಿದ್ದವು, ಆರೈಕೆ ಬಲ್ಲವರು ಇರಲಿಲ್ಲ, ಅಕ್ಕಿಯ ಜೊತೆ ಬೇಯಿಸಿದ ಮಾಂಸ ತಿನ್ನಿಸುತ್ತಿದ್ದರು, ಒಳ್ಳೆಯ ತಳಿಯ ಜೋಡಿಗೂ ಸೊಟ್ಟ ಕಾಲಿನ ಮರಿ ಹುಟ್ಟುತ್ತಿತ್ತು ಎಂದು ಅವನು ಬರೆದ. ಅವನು ಅದನ್ನು ಹವೆಯ ಮೇಲೆ ಹಾಕಿದ. ಇವತ್ತು ಓದಿದರೆ ಆ ಸೊಟ್ಟ ಕಾಲುಗಳ ಹಿಂದೆ ಅಕ್ಕಿಯ ಮೇವಿನಲ್ಲಿನ ಸುಣ್ಣದ ಕೊರತೆಯ ಗುಮಾನಿ ಬರುವುದು ಸಹಜ.

ಮೈಸೂರು ಸಂಸ್ಥಾನದಲ್ಲಿ ಕುದುರೆಯ ಆರೋಗ್ಯ ರಾಜಕಾರ್ಯವಾಗಿತ್ತು. ಟಿಪ್ಪುವಿನ ಕಾಲದ ಕುಣಿಗಲ್ ಅಶ್ವಶಾಲೆ, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್, 1891ರಲ್ಲಿ ಆರಂಭವಾದ ಮೈಸೂರು ರೇಸ್ ಕ್ಲಬ್, ದಸರಾ ಮೆರವಣಿಗೆಯಲ್ಲಿ ಸಾಗುವ ಅಶ್ವಾರೋಹಿ ಪೊಲೀಸ್ ದಳ ಇವೆಲ್ಲ ಆ ಪರಂಪರೆಯ ಕೊಂಡಿಗಳು. 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ತೆರೆದ ಮೈಸೂರು ಸೀರಂ ಸಂಸ್ಥೆ ಹುಟ್ಟಿದ್ದು ದನಗಳ ದೊಡ್ಡರೋಗಕ್ಕಾಗಿ. ಈಗ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎಂಬ ಹೆಸರಿನಲ್ಲಿ ನಡೆದಿರುವ ಅದು ರಾಜ್ಯದ ಮುಖ್ಯ ಪ್ರಯೋಗಾಲಯಗಳಲ್ಲಿ ಒಂದು.

ಮೊದಲ ಪರೀಕ್ಷೆ

ಯಂತ್ರ, ರಕ್ತಪರೀಕ್ಷೆಗಳಿಗಿಂತ ಮುಂಚೆ ನೋಡಬೇಕಾದ್ದು ಬಹಳ ಇದೆ. ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ಮೈಶಾಖ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಕೆಳದವಡೆಯ ಒಳಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ತುಟಿ ಎತ್ತಿ ವಸಡನ್ನು ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ವಸಡು ಹಳದಿಯಾಗಿದ್ದರೆ ಯಕೃತ್ತು ಅಥವಾ ರಕ್ತಕಣ ಒಡೆಯುವ ಕಾಯಿಲೆ, ಬಿಳಿಚಿದ್ದರೆ ರಕ್ತಹೀನತೆ, ಇಟ್ಟಿಗೆಗೆಂಪಾಗಿದ್ದರೆ ನಂಜು ಎಂದು ದಿಕ್ಕು ಹಿಡಿಯಬಹುದು.

ಮೇವು ತಿನ್ನುವುದನ್ನು ಕಾಲು ಗಂಟೆ ನಿಂತು ನೋಡುವುದು ಯಾವ ವರದಿಗೂ ಕಡಿಮೆಯಲ್ಲ. ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಜಾರಿ ಬೀಳುತ್ತಿದ್ದರೆ ಕಾಯಿಲೆ ಇರುವುದು ಹಲ್ಲಿನಲ್ಲಿ. ಕುದುರೆಯ ಹಲ್ಲು ಬದುಕಿನುದ್ದಕ್ಕೂ ಮೇಲೇರಿ ಸವೆಯುತ್ತಿರುತ್ತದೆ. ಮೇಲ್ದವಡೆ ಕೆಳದವಡೆಗಿಂತ ಅಗಲ. ಹಾಗಾಗಿ ಮೇಲಿನ ದವಡೆಹಲ್ಲಿನ ಹೊರಅಂಚು, ಕೆಳಗಿನದರ ಒಳಅಂಚು ಚೂಪಾಗಿ ಕೆನ್ನೆ, ನಾಲಿಗೆಗಳನ್ನು ಕೊರೆಯುತ್ತವೆ. ಲದ್ದಿಯಲ್ಲಿ ಇಡೀ ಹುರುಳಿ ಕಾಳು ಕಾಣಿಸುವುದೂ ಇದರದೇ ಸೂಚನೆ. ಹಲ್ಲು ಉಜ್ಜಿಸಿದ ಮೇಲೆ ಮೈ ತುಂಬಿಕೊಂಡ ಕುದುರೆಗಳಿಗೆ ಅದಕ್ಕೂ ಮೊದಲು ಹತ್ತಾರು ಬಗೆಯ ಟಾನಿಕ್ ಕುಡಿಸಿರುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಜಂತುಹುಳುವಿನ ಮೊಟ್ಟೆಗಾಗಿ ಲದ್ದಿಯ ಪರೀಕ್ಷೆ ಇದರ ನಂತರದ್ದು. ಔಷಧ ಹಾಕುವ ಮೊದಲೇ ಆ ಪರೀಕ್ಷೆಯಾಗಬೇಕು.

ತಿಂದರೂ ಸೊರಗುವ ಕುದುರೆ: ಸರ್ರಾ

ಹಲ್ಲು ಸರಿಯಿದೆ, ಜಂತುಹುಳುವಿಲ್ಲ, ಮೇವು ಚೆನ್ನಾಗಿ ತಿನ್ನುತ್ತದೆ, ಆದರೂ ಬೆನ್ನೆಲುಬು ಎದ್ದು ಕಾಣುತ್ತದೆ. ಹೊಟ್ಟೆಯ ಕೆಳಗೆ, ಕಾಲುಗಳಲ್ಲಿ ಬಾವು. ಜ್ವರ ಬಂದು ಎರಡು ಮೂರು ದಿನ ಇದ್ದು ಹೋಗುತ್ತದೆ, ವಾರ ಕಳೆದು ಮತ್ತೆ ಬರುತ್ತದೆ. ಹಿಂಗಾಲು ತೂರಾಡುತ್ತದೆ. ಇಂಥ ಕುದುರೆಯಲ್ಲಿ ಮೊದಲು ಶಂಕಿಸಬೇಕಾದ್ದು ಸರ್ರಾ. ರಕ್ತದಲ್ಲಿ ಈಜಾಡುವ ಟ್ರಿಪನೊಸೋಮ ಇವಾನ್ಸೈ ಎಂಬ ಏಕಕೋಶ ಜೀವಿ ಇದಕ್ಕೆ ಕಾರಣ.

ಇದನ್ನು ಪತ್ತೆ ಹಚ್ಚಿದ ಕಥೆ ಪಶುವೈದ್ಯ ಚರಿತ್ರೆಯಲ್ಲಿ ದೊಡ್ಡದು. 1880ರಲ್ಲಿ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ದಂಡಿನ ಕುದುರೆ, ಒಂಟೆಗಳು ಸಾಯುತ್ತಿದ್ದವು. ಸೇನೆಯ ಪಶುವೈದ್ಯ ಗ್ರಿಫಿತ್ ಇವಾನ್ಸ್ ಅವುಗಳ ರಕ್ತದಲ್ಲಿ ಈ ಜೀವಿಯನ್ನು ಕಂಡು, ಅದೇ ರಕ್ತವನ್ನು ಆರೋಗ್ಯವಂತ ಕುದುರೆಗೆ ಹಾಕಿ ಕಾಯಿಲೆ ಬರಿಸಿ ತೋರಿಸಿದರು. ಅಂದಿನ ವೈದ್ಯ ಪಂಡಿತರು ಒಪ್ಪಲಿಲ್ಲ. ಇಲಿಯ ರಕ್ತದಲ್ಲಿ ಇಂಥವು ಇದ್ದೂ ಇಲಿಗೆ ಏನೂ ಆಗಿರಲಿಲ್ಲ, ಆದ್ದರಿಂದ ಇವು ನಿರುಪದ್ರವಿ ಎಂಬುದು ಅವರ ವಾದ. ಇವಾನ್ಸ್ ಹೇಳಿದ್ದೇ ಸರಿಯಾಗಿತ್ತು. ಟ್ರಿಪನೊಸೋಮ ಕಾಯಿಲೆ ತರುತ್ತದೆ ಎಂದು ಜಗತ್ತಿಗೆ ಮೊದಲು ತಿಳಿದದ್ದು ಹೀಗೆ.

ಒಂದು ಪ್ರಾಣಿಯನ್ನು ಕಚ್ಚಿ ರಕ್ತ ಹೀರುತ್ತಿರುವಾಗ ಓಡಿಸಿದರೆ ಹಾರಿ ಪಕ್ಕದ ಪ್ರಾಣಿಯ ಮೇಲೆ ಕೂರುವ ದೊಡ್ಡ ನೊಣಗಳು ಸರ್ರಾವನ್ನು ಹರಡುತ್ತವೆ. ನೊಣದೊಳಗೆ ಪರೋಪಜೀವಿ ಬೆಳೆಯುವುದಿಲ್ಲ, ಅದರ ಬಾಯಿಗೆ ಹತ್ತಿದ ರಕ್ತವೇ ವಾಹಕ. ಹಾಗಾಗಿ ರೋಗಿ ಪ್ರಾಣಿ ಎಷ್ಟು ಹತ್ತಿರ ಕಟ್ಟಿದೆ ಎಂಬುದು ನಿರ್ಣಾಯಕ. ಎಮ್ಮೆ, ಹಸುಗಳಲ್ಲಿ ಇದು ಬಹುಪಾಲು ಸದ್ದಿಲ್ಲದೆ ಇರುತ್ತದೆ. ಹಾಲು ಕೊಟ್ಟುಕೊಂಡು ಚೆನ್ನಾಗಿಯೇ ಇರುವ ಎಮ್ಮೆ ಪಕ್ಕದ ಕುದುರೆಗೆ ಸರ್ರಾ ದಾಟಿಸಿರಬಹುದು. ಕುದುರೆಯ ಕಾಯಿಲೆಗೆ ಎಮ್ಮೆಯ ರಕ್ತವನ್ನೂ ಏಕೆ ತೆಗೆಯುತ್ತೀರಿ ಎಂದು ಮಾಲೀಕರು ಕೇಳುವ ಪ್ರಶ್ನೆಗೆ ಉತ್ತರ ಇದೇ.

ರಕ್ತದ ಲೇಪ ಒಂದು ಸಲ ನೋಡಿ ಏನೂ ಕಾಣಲಿಲ್ಲ ಎಂದು ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಪರೋಪಜೀವಿ ತನ್ನ ಮೇಲ್ಮೈಯ ಪ್ರೋಟೀನನ್ನು ಬದಲಾಯಿಸುತ್ತ ದೇಹದ ರಕ್ಷಣೆಯಿಂದ ತಪ್ಪಿಸಿಕೊಳ್ಳುತ್ತದೆ. ಅದರ ಸಂಖ್ಯೆ ಏರಿದಾಗ ಜ್ವರ, ಇಳಿದಾಗ ರಕ್ತ ಸ್ವಚ್ಛ. ಜ್ವರ ಏರಿರುವ ಹೊತ್ತಿನಲ್ಲೇ, ಔಷಧ ಕೊಡುವ ಮೊದಲೇ ರಕ್ತ ತೆಗೆದು ಹಸಿಯಾಗಿಯೂ ಲೇಪ ಮಾಡಿಯೂ ನೋಡಬೇಕು. ಅನುಮಾನ ಉಳಿದರೆ ಎಲೈಸಾ ಮತ್ತು ಪಿಸಿಆರ್ ಪರೀಕ್ಷೆ. ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಸ್ಥೆ ನಿವೇದಿಯಲ್ಲಿ ಸರ್ರಾ ಪತ್ತೆಯ ವಿಧಾನಗಳ ಮೇಲೆ ಕೆಲಸ ನಡೆದಿದೆ. ಚಿಕಿತ್ಸೆಗೆ ಕ್ವಿನಾಪಿರಮಿನ್ ರೂಢಿಯಲ್ಲಿದೆ. ದನಗಳಿಗೆ ಸಲೀಸಾಗಿ ಕೊಡುವ ಡೈಮಿನಾಜಿನ್ ಅನ್ನು ಕುದುರೆ ಅಷ್ಟಾಗಿ ತಾಳದು. ದನದ ಔಷಧವನ್ನು ತೂಕದ ಲೆಕ್ಕದಲ್ಲಿ ಕುದುರೆಗೆ ಚುಚ್ಚುವ ಧೈರ್ಯ ಯಾರೂ ಮಾಡಬಾರದು.

ಉಣ್ಣೆ ಕಚ್ಚಿ ಬರುವ ಪೈರೊಪ್ಲಾಸ್ಮೋಸಿಸ್ ಸರ್ರಾದಂತೆಯೇ ಕಾಣಬಹುದು. ಅದರಲ್ಲಿ ವಸಡು ಹೆಚ್ಚು ಹಳದಿ, ಮೂತ್ರ ಕೆಂಪು, ಕಿವಿಯೊಳಗೆ ಮತ್ತು ಬಾಲದಡಿ ಉಣ್ಣೆ. ಎರಡೂ ಒಟ್ಟಿಗೆ ಇರುವ ಕುದುರೆಗಳೂ ಉಂಟು.

ಸೊಂಟ ಬೀಳುವ ಕಾಯಿಲೆ: ಕುಮ್ರಿ

ಈ ಬಯಲಿಗೆ ಎಲ್ಲಕ್ಕಿಂತ ಹೆಚ್ಚು ಹೊಂದುವ ಒಗಟು ಕುಮ್ರಿ. ನಿನ್ನೆ ಚೆನ್ನಾಗಿದ್ದ ಕುದುರೆ ಇಂದು ಹಿಂಗಾಲು ಎಳೆಯುತ್ತದೆ. ತಿರುಗಿಸಿದರೆ ಒಂದು ಕಾಲು ಇನ್ನೊಂದಕ್ಕೆ ತೊಡರುತ್ತದೆ. ಗೊರಸಿನ ತುದಿ ನೆಲಕ್ಕೆ ಉಜ್ಜಿ ಸವೆದಿರುತ್ತದೆ. ಜ್ವರವಿಲ್ಲ, ಹಸಿವು ಕೆಟ್ಟಿಲ್ಲ, ನೋವೂ ಕಾಣುವುದಿಲ್ಲ. ಬ್ರಿಟಿಷ್ ದಂಡಿನವರಿಗೆ ಇದು ಚೆನ್ನಾಗಿ ಪರಿಚಿತವಾಗಿತ್ತು. ಥಂಡಿ ಗಾಳಿ ಬಡಿದದ್ದು, ಸೊಂಟಕ್ಕೆ ಪೆಟ್ಟಾದದ್ದು, ಅತಿ ಸವಾರಿ ಎಂದೆಲ್ಲ ಕಾರಣ ಹೇಳಿದರು. ಕೇಸರಿ ಬೇಳೆ ತಿನ್ನಿಸುವ ಕಡೆಗಳಲ್ಲಿ ಅದರ ವಿಷದಿಂದಲೂ ಕುದುರೆಯ ಹಿಂಗಾಲು ಬೀಳುವುದುಂಟು, ಹಾಗಾಗಿ ಗೊಂದಲ ಇನ್ನಷ್ಟು ಬೆಳೆಯಿತು.

ಗಂಟು ಬಿಡಿಸಿದ್ದು ಏಷ್ಯಾದ ಭತ್ತದ ನಾಡುಗಳಲ್ಲಿ ನಡೆದ ಕೆಲಸ. ಜಪಾನಿನಲ್ಲಿ ಕುರಿ, ಮೇಕೆ, ಕುದುರೆಗಳಿಗೆ ಬರುತ್ತಿದ್ದ ಲಕ್ವದ ಬೆನ್ನು ಹತ್ತಿದ ಸಂಶೋಧಕರು ಸತ್ತ ಪ್ರಾಣಿಗಳ ಮಿದುಳುಬಳ್ಳಿಯನ್ನು ತೆಳುವಾಗಿ ಸೀಳಿ ನೋಡಿದಾಗ ಹುಳುವೊಂದು ಕೊರೆದು ಹೋದ ಜಾಡುಗಳು ಕಂಡವು. ಇನ್ನೆಸ್ ಮತ್ತು ಷೋಹೊ 1950ರ ದಶಕದ ಆರಂಭದಲ್ಲಿ ಈ ಕಾಯಿಲೆಯನ್ನೂ ಭಾರತ, ಸಿಂಹಳದ ಕುಮ್ರಿಯನ್ನೂ ಒಂದೇ ಎಳೆಯಲ್ಲಿ ಜೋಡಿಸಿದರು. ಹುಳುವಿನ ಹೆಸರು ಸೆಟೇರಿಯಾ ಡಿಜಿಟೇಟಾ. ಅದರ ನಿಜವಾದ ಮನೆ ದನದ ಹೊಟ್ಟೆಯ ಪೊಳ್ಳು. ಅಲ್ಲಿ ಬಿಳಿ ದಾರದಂಥ ಹುಳುಗಳು ದನಕ್ಕೆ ತೊಂದರೆ ಕೊಡದೆ ಬಾಳುತ್ತವೆ. ಅವುಗಳ ಮರಿ ದನದ ರಕ್ತದಲ್ಲಿ ಸುತ್ತುತ್ತದೆ, ಸೊಳ್ಳೆ ಅದನ್ನು ಹೀರುತ್ತದೆ, ಮುಂದೆ ಕುದುರೆಯನ್ನು ಕಚ್ಚಿದಾಗ ಅಲ್ಲಿ ಬಿಡುತ್ತದೆ. ಕುದುರೆಯೊಳಗೆ ದಾರಿ ತಪ್ಪಿದ ಮರಿಹುಳು ಮಿದುಳುಬಳ್ಳಿಗೆ ನುಗ್ಗುತ್ತದೆ. ಅದು ಎಲ್ಲಿ ಕೊರೆಯಿತೋ ಅಲ್ಲಿಂದ ಹಿಂದಿನ ಭಾಗ ಸೋಲುತ್ತದೆ.

ಹೀಗೆ ನೋಡಿದರೆ ಕುಮ್ರಿಗೆ ಬೇಕಾದ್ದು ಮೂರು: ತುಂಬ ದನ, ತುಂಬ ಸೊಳ್ಳೆ, ನಡುವೆ ಒಂದು ಕುದುರೆ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ, ಮಳೆಗಾಲದ ಕೊನೆಯ ತಿಂಗಳುಗಳಲ್ಲಿ, ತಿ. ನರಸೀಪುರದ ಗದ್ದೆಬಯಲಿನಲ್ಲಿ ಈ ಮೂರೂ ಕೂಡುತ್ತವೆ. ಅದೇ ಕುದುರೆಯನ್ನು ನಂಜನಗೂಡಿನ ದಕ್ಷಿಣದ ಬೆದ್ದಲು ಹಳ್ಳಿಯಲ್ಲಿ ಕಟ್ಟಿದರೆ ಅಪಾಯ ಇಳಿಯುತ್ತದೆ. ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ದಿನಬಳಕೆಯಲ್ಲಿಲ್ಲ. ಕುದುರೆಯ ರಕ್ತದಲ್ಲಿ ಹುಳು ಕಾಣುವುದಿಲ್ಲ. ಆದ್ದರಿಂದ ಸರ್ರಾ ಅಲ್ಲ, ಹರ್ಪಿಸ್ ವೈರಸ್ಸಿನ ಲಕ್ವ ಅಲ್ಲ, ಪೆಟ್ಟಲ್ಲ ಎಂದು ಒಂದೊಂದನ್ನೇ ತೆಗೆದುಹಾಕುತ್ತ ಬರಬೇಕು. ಬೇಗ ಹಿಡಿದರೆ ಡೈಈಥೈಲ್ ಕಾರ್ಬಮಜಿನ್, ಐವರ್‌ಮೆಕ್ಟಿನ್‌ಗಳಿಂದ ಹುಳುವನ್ನು ಕೊಲ್ಲಬಹುದು. ಮೊದಲನೆಯದು ಆನೆಕಾಲು ರೋಗಕ್ಕೆ ಸರ್ಕಾರ ಹಂಚುವ ಗುಳಿಗೆಯೇ. ಹುಳು ಸತ್ತರೂ ಕೊರೆದ ನರ ಪೂರ್ತಿ ಕೂಡುವುದಿಲ್ಲ. ಸಂಜೆಯ ಹೊತ್ತು ಲಾಯಕ್ಕೆ ಸೊಳ್ಳೆಪರದೆ ಕಟ್ಟುವುದು, ದನದ ಕೊಟ್ಟಿಗೆಯಿಂದ ದೂರ ಕಟ್ಟುವುದು ಔಷಧಕ್ಕಿಂತ ಅಗ್ಗ.

ವಾರದ ರಜೆಯಲ್ಲಿ ಹೊಟ್ಟೆ ತುಂಬ ಹುರುಳಿ ತಿಂದು ನಿಂತಿದ್ದ ಕುದುರೆ ಕೆಲಸಕ್ಕೆ ಹೊರಟ ಅರ್ಧ ಗಂಟೆಯಲ್ಲಿ ಹಿಂಭಾಗ ಬಿಗಿದು ನಿಂತರೆ ಅದು ಕುಮ್ರಿಯಲ್ಲ. ಸ್ನಾಯು ಒಡೆಯುವ ಕಾಯಿಲೆ ಅದು. ಬೆವರು ಸುರಿಯುತ್ತದೆ, ತೊಡೆ ಕಲ್ಲಾಗಿರುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯೇ ನಿಲ್ಲಿಸಬೇಕು, ಒಂದು ಹೆಜ್ಜೆಯನ್ನೂ ನಡೆಸಬಾರದು.

ಕಣ್ಣು

ಸೆಟೇರಿಯಾದ ಮರಿ ದಾರಿ ತಪ್ಪಿ ಕೆಲವೊಮ್ಮೆ ಕಣ್ಣಿಗೂ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಕುದುರೆಯ ಕಣ್ಣಿಗೆ ಓರೆಯಾಗಿ ಟಾರ್ಚ್ ಹಿಡಿದರೆ ಪಾರದರ್ಶಕ ಪಟಲದ ಹಿಂದಿನ ನೀರಿನಲ್ಲಿ ಒಂದೆರಡು ಅಂಗುಲದ ಬಿಳಿ ಎಳೆಯೊಂದು ಬಳುಕುತ್ತ ಈಜುವುದು ಬರಿಗಣ್ಣಿಗೆ ಕಾಣುತ್ತದೆ. ನೋಡಿದವರು ಮರೆಯುವ ದೃಶ್ಯವಲ್ಲ. ಕಣ್ಣು ಸದಾ ನೀರಾಡುತ್ತದೆ, ಕ್ರಮೇಣ ಹಾಲಿನ ಪೊರೆ ಕಟ್ಟಿದಂತಾಗುತ್ತದೆ. ಇಂಥ ಪ್ರಕರಣಗಳು ಭಾರತದಿಂದ ಮೇಲಿಂದ ಮೇಲೆ ವರದಿಯಾಗಿವೆ. ಅರಿವಳಿಕೆ ಕೊಟ್ಟು ಪಟಲದ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿದರೆ ನೀರಿನ ಜೊತೆ ಹುಳುವೂ ಹೊರಬರುತ್ತದೆ. ಮಾಡಿದ ಕೆಲಸದ ಫಲ ತಕ್ಷಣ ಕಣ್ಣಿಗೆ ಕಾಣುವ ಅಪರೂಪದ ಚಿಕಿತ್ಸೆ ಇದು.

ಹುಳುವಿಲ್ಲದೆಯೂ ಕಣ್ಣು ಮತ್ತೆಮತ್ತೆ ಕೆಂಪಾಗಿ, ಮಬ್ಬಾಗಿ, ವಾರಗಳಲ್ಲಿ ತಿಳಿಯಾಗಿ, ತಿಂಗಳುಗಳ ನಂತರ ಮರಳುವ ಉರಿಯೂತ ಜಗತ್ತಿನೆಲ್ಲೆಡೆ ಕುದುರೆಯ ಕುರುಡಿಗೆ ಮುಖ್ಯ ಕಾರಣ. ಇದರ ಹಿಂದೆ ಹಲವು ಸಲ ಲೆಪ್ಟೊಸ್ಪೈರಾ ಇರುತ್ತದೆ, ಅಂದರೆ ಗದ್ದೆ ಕೆಲಸದವರಿಗೆ ಬರುವ ಇಲಿಜ್ವರದ ಬ್ಯಾಕ್ಟೀರಿಯ. ಇಲಿಯ ಮೂತ್ರ ಸೇರಿದ ಗದ್ದೆನೀರನ್ನು ಕುದುರೆ ಕುಡಿದಿತ್ತೇ ಎಂದು ಕೇಳುವುದು ಕಣ್ಣಿನ ಪರೀಕ್ಷೆಯ ಭಾಗ. ತಿಳಿಯಾದಾಗ ಗುಣವಾಯಿತೆಂದು ಚಿಕಿತ್ಸೆ ಬಿಟ್ಟುಬಿಡುವುದರಿಂದಲೇ ಎಷ್ಟೋ ಕುದುರೆಗಳು ದೃಷ್ಟಿ ಕಳೆದುಕೊಳ್ಳುತ್ತವೆ.

ತವುಡು ಮತ್ತು ಭತ್ತದ ಹುಲ್ಲು

ಒಂದು ದಿನ ಮುಂಗಾಲು ಕುಂಟು, ವಾರದ ಮೇಲೆ ಹಿಂಗಾಲು, ಆಮೇಲೆ ಏನೂ ಇಲ್ಲ. ಲಾಳ ಕಟ್ಟುವವರನ್ನು ಬದಲಾಯಿಸಿದರೂ ಹೋಗದು. ಕೆಲವು ತಿಂಗಳಲ್ಲಿ ಮೂಗಿನ ಎರಡೂ ಪಕ್ಕ ಎಲುಬು ಉಬ್ಬಿ ಮುಖ ಅಗಲವಾಗಿ ಕಾಣುತ್ತದೆ. ಹಲ್ಲು ಸಡಿಲವಾಗುತ್ತದೆ. ಸೋಂಕಲ್ಲ, ಪೆಟ್ಟಲ್ಲ, ಇದು ಮೇವಿನಿಂದ ಬಂದದ್ದು. ತವುಡಿನಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಅತ್ಯಲ್ಪ. ಒಂದಕ್ಕೆ ಹತ್ತಕ್ಕಿಂತಲೂ ಹೆಚ್ಚಿನ ಅಂತರ. ಕುದುರೆಗೆ ಸುಣ್ಣದಂಶ ರಂಜಕಕ್ಕಿಂತ ಕಡಿಮೆಯಾಗಬಾರದು. ಮೇಲಾಗಿ ಭತ್ತದ ಹುಲ್ಲು, ನೇಪಿಯರ್ ಹುಲ್ಲುಗಳಲ್ಲಿನ ಆಕ್ಸಲೇಟ್ ಇರುವ ಅಷ್ಟಿಷ್ಟು ಸುಣ್ಣವನ್ನೂ ಕರುಳಿನಲ್ಲೇ ಕಟ್ಟಿಹಾಕುತ್ತದೆ. ದನದ ಮೆಲುಕುಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಒಡೆಯುತ್ತವೆ, ಕುದುರೆಗೆ ಆ ಅನುಕೂಲವಿಲ್ಲ. ಅದೇ ಹುಲ್ಲು ತಿಂದು ಎತ್ತು ದುಂಡಗಿದೆಯಲ್ಲ, ಕುದುರೆಗೇನು ಕೇಡು ಎಂಬ ವಾದ ನಿಲ್ಲದಿರುವುದು ಇದರಿಂದಲೇ.

ರಕ್ತಪರೀಕ್ಷೆ ಇಲ್ಲಿ ದಾರಿ ತಪ್ಪಿಸುತ್ತದೆ. ರಕ್ತದ ಕ್ಯಾಲ್ಸಿಯಂ ಬಹುತೇಕ ಸರಿಯಾಗಿಯೇ ಬರುತ್ತದೆ, ಏಕೆಂದರೆ ಪ್ಯಾರಾಥೈರಾಯ್ಡ್ ಗ್ರಂಥಿ ಎಲುಬಿನಿಂದ ಸುಣ್ಣ ಕಿತ್ತು ರಕ್ತಕ್ಕೆ ತುಂಬುತ್ತಿರುತ್ತದೆ. ರಕ್ತ, ಮೂತ್ರ ಎರಡನ್ನೂ ಒಟ್ಟಿಗೆ ತೆಗೆದು ಮೂತ್ರದಲ್ಲಿ ರಂಜಕ ಎಷ್ಟು ಹರಿದುಹೋಗುತ್ತಿದೆ ಎಂದು ಲೆಕ್ಕ ಹಾಕಿದರೆ ಗುಟ್ಟು ಹೊರಬೀಳುತ್ತದೆ. ಅದಕ್ಕಿಂತ ಸುಲಭ ಎಂದರೆ ಮೇವಿನ ಬುಟ್ಟಿ ನೋಡುವುದು. ತವುಡು, ಬೂಸಾ ಇಳಿಸಿ, ಭತ್ತದ ಹುಲ್ಲಿನ ಜಾಗಕ್ಕೆ ರಾಗಿ ಹುಲ್ಲು, ಜೊತೆಗೆ ಕುದುರೆಮೆಂತೆ ಸೊಪ್ಪು, ವೈದ್ಯರು ಹೇಳಿದಷ್ಟು ಸುಣ್ಣಕಲ್ಲಿನ ಪುಡಿ ಕೊಟ್ಟರೆ ಕುಂಟು ವಾರಗಳಲ್ಲಿ ತಗ್ಗುತ್ತದೆ. ಉಬ್ಬಿದ ಮುಖ ಮಾತ್ರ ಪೂರ್ತಿ ಇಳಿಯದು. ಗದ್ದೆಸೀಮೆಯ ಕುದುರೆಗೆ ಬೆದ್ದಲಿನ ಮೇವು ತರಿಸುವುದು ದುಬಾರಿ ಅನ್ನಿಸಬಹುದು. ಆದರೆ ಈ ಎರಡು ತಾಲ್ಲೂಕುಗಳ ನಡುವೆ ಅದು ಒಂದು ಗಾಡಿ ಬಾಡಿಗೆಯ ಮಾತು.

ಉಳಿದ ಕೆಲವು ಕಾರಣಗಳು

ಹೊಳೆದಂಡೆಯಲ್ಲಿ, ತಲಕಾಡಿನ ಸುತ್ತಲಿನಂಥ ಮರಳು ನೆಲದಲ್ಲಿ ಮೋಟು ಹುಲ್ಲು ಮೇಯುವ ಕುದುರೆ ಹುಲ್ಲಿನ ಜೊತೆ ಮರಳನ್ನೂ ನುಂಗುತ್ತದೆ. ಅದು ದೊಡ್ಡ ಕರುಳಿನ ತಳದಲ್ಲಿ ಕೂತು ಆಗಾಗ ಹೊಟ್ಟೆನೋವು, ಆಗಾಗ ಭೇದಿ ತರುತ್ತದೆ. ನೆಲಕ್ಕೆ ತಾಗದ ಲದ್ದಿಯ ನಾಲ್ಕೈದು ಉಂಡೆಗಳನ್ನು ಗಾಜಿನ ಜಾಡಿಯ ನೀರಿನಲ್ಲಿ ಕದಡಿ ಕಾಲು ಗಂಟೆ ಬಿಟ್ಟರೆ ಮರಳು ತಳದಲ್ಲಿ ಕೂರುತ್ತದೆ. ಇದಕ್ಕೆ ವಿದೇಶಗಳಲ್ಲೂ ಕೊಡುವುದು ನಮ್ಮ ಇಸಬ್‌ಗೋಲನ್ನೇ. ಹೊಟ್ಟೆನೋವಿನ ಕುದುರೆ ಮತ್ತೆಮತ್ತೆ ಹೊರಳಾಡಿ, ನಾಡಿ 60 ದಾಟಿದರೆ ಜಾಡಿ ಹುಡುಕುತ್ತ ಕೂರದೆ ವೈದ್ಯರನ್ನು ಕರೆಸಬೇಕು.

ಬೇಸಿಗೆಯಲ್ಲಿ ಮೈ ಒಣಗಿಯೇ ಇದ್ದು ಕುದುರೆ ಏದುಸಿರು ಬಿಡುತ್ತಿದ್ದರೆ ಬೆವರುಗ್ರಂಥಿ ಸೋತಿದೆ ಎಂದರ್ಥ. ತಂಪುನಾಡಿನಿಂದ ತಂದ ಕುದುರೆಗಳಲ್ಲಿ ಬ್ರಿಟಿಷರ ಕಾಲದಿಂದಲೇ ಭಾರತದಲ್ಲಿ ಕಂಡ ಕಾಯಿಲೆ ಇದು. ಶ್ವಾಸಕೋಶದ ಔಷಧ ಎಷ್ಟು ಕೊಟ್ಟರೂ ಪ್ರಯೋಜನವಿಲ್ಲ, ನೆರಳು, ನೀರು, ಉಪ್ಪು, ಬೆಳಗಿನ ತಂಪಿನಲ್ಲಿ ಮಾತ್ರ ಕೆಲಸ. ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದ ಕುದುರೆ ಕಣ್ಣು ಕಾಣದೆ ಸುತ್ತು ಹಾಕತೊಡಗಿ ಕೆಲವೇ ದಿನಗಳಲ್ಲಿ ಸಾಯುವುದುಂಟು. ಬೂಷ್ಟಿನ ವಿಷ ಮಿದುಳನ್ನೇ ಕರಗಿಸುತ್ತದೆ. ಹಸಿರುಗೊಬ್ಬರಕ್ಕೆ ಬಿತ್ತುವ ಸೆಣಬಿನ ಬೀಜದಲ್ಲೂ ಕುದುರೆಗೆ ಕೇಡು ಮಾಡುವ ವಿಷವಿದೆ. ಮೊಳೆ ಚುಚ್ಚಿದ ಗೊರಸಿನಿಂದ ಧನುರ್ವಾಯು ಬಂದರೆ ಕಿವಿ, ಬಾಲ ಸೆಟೆದು ಮೂರನೆಯ ರೆಪ್ಪೆ ಕಣ್ಣಿನ ಮೇಲೆ ಸರಿಯುತ್ತದೆ. ಲಸಿಕೆ ಹಾಕಿಸಿದ್ದರೆ ಇದು ಬರುವುದು ತೀರ ಅಪರೂಪ.

ಒಂದು ಕುದುರೆಯ ಮಾತಲ್ಲದಾಗ

ಎರಡು ಮೂರು ದಿನಗಳಲ್ಲಿ ಲಾಯದ ಕುದುರೆಗಳೆಲ್ಲ ಕೆಮ್ಮಲು ಹತ್ತಿದರೆ ಕಾರಣ ಹುಡುಕುವ ಜಾಗ ಬದಲಾಗುತ್ತದೆ. 2008ರ ಜೂನ್‌ನಲ್ಲಿ ಜಮ್ಮುವಿನ ಕಟ್ರಾದ ಯಾತ್ರಾ ದಾರಿಯ ಕುದುರೆ, ಹೇಸರಗತ್ತೆಗಳಲ್ಲಿ ಜ್ವರ, ಒಣಕೆಮ್ಮು ಕಾಣಿಸಿತು. ಎಚ್3ಎನ್8 ಬಗೆಯ ಕುದುರೆ ಇನ್‌ಫ್ಲುಯೆಂಜಾ ಅದು. ಅದೇ ವರ್ಷ ಮೈಸೂರಿಗೂ ಬಂತು. ಮೈಸೂರಿನ ಕುದುರೆಯಿಂದ ಬೇರ್ಪಡಿಸಿದ ವೈರಸ್ ಎಳೆ ಊರಿನ ಹೆಸರಿನಲ್ಲೇ ವೈಜ್ಞಾನಿಕ ದಾಖಲೆ ಸೇರಿದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕಟ್ರಾ, ಮೈಸೂರು, ಅಹಮದಾಬಾದಿನ ಎಳೆಗಳ ವಂಶವಾಹಿಗಳನ್ನು ಹೋಲಿಸಿ, ಇವು ಫ್ಲಾರಿಡಾ ಉಪಕುಲದ ಎರಡನೆಯ ಕವಲಿಗೆ ಸೇರಿದವು ಎಂದು ಗುರುತಿಸಿದರು. ಸೋಂಕು ತಗುಲಿದ ಒಂದರಿಂದ ಮೂರು ದಿನಗಳಲ್ಲಿ ಲಕ್ಷಣ ಕಾಣುವ ಈ ಕಾಯಿಲೆಯಲ್ಲಿ ಕುದುರೆ ಎಲ್ಲಿಗೆ ಹೋಗಿತ್ತು, ಯಾವ ಲಾರಿಯಲ್ಲಿ ಬಂತು ಎಂಬುದೇ ಅರ್ಧ ನಿದಾನ.

ಗ್ಲಾಂಡರ್ಸ್ ಇದಕ್ಕಿಂತ ಘೋರ. ಮೂಗಿನಲ್ಲಿ ಹುಣ್ಣು, ಅಂಟಾದ ಸಿಂಬಳ, ಕಾಲಿನ ಚರ್ಮದಡಿ ಸಾಲುಗಂಟು. ಮನುಷ್ಯರಿಗೂ ಹರಡಿ ಪ್ರಾಣ ತೆಗೆಯಬಲ್ಲದು. 2018ರಲ್ಲಿ ಬೆಂಗಳೂರಿನಲ್ಲಿ ಇದು ಪತ್ತೆಯಾದಾಗ ಸುತ್ತಲಿನ ಪ್ರದೇಶದಲ್ಲಿ ಕುದುರೆ, ಕತ್ತೆಗಳ ಓಡಾಟ ತಡೆಯಬೇಕಾಯಿತು. 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಡಿ ಇದನ್ನು ವರದಿ ಮಾಡುವುದು ಕಡ್ಡಾಯ. ಇದಕ್ಕೆ ಚಿಕಿತ್ಸೆ ಕೊಡುವ ಹಾಗಿಲ್ಲ, ಖಚಿತವಾದ ಪ್ರಾಣಿಯನ್ನು ದಯಾಮರಣಕ್ಕೆ ಒಳಪಡಿಸಬೇಕು. ಮಾಲೀಕರು ಹೆದರಿ ಬಚ್ಚಿಡುವುದಕ್ಕೂ ಇದೇ ಕಾರಣ. ಬಚ್ಚಿಟ್ಟರೆ ಅಪಾಯ ಮೊದಲು ತಟ್ಟುವುದು ಲಾಯದಲ್ಲಿ ಮಲಗುವ ಆಳಿಗೆ.

ಕಾರಣ ತಿಳಿಯದೆ ಸತ್ತ ಕುದುರೆಯ ಮರಣೋತ್ತರ ಪರೀಕ್ಷೆಗೆ ಹಳ್ಳಿಗಳಲ್ಲಿ ಒಪ್ಪುವವರು ಕಡಿಮೆ. ಕುಮ್ರಿಯ ಜಾಡು ಮಿದುಳುಬಳ್ಳಿಯಲ್ಲಿ, ಮರಳಿನ ಗುಟ್ಟು ಕರುಳಿನಲ್ಲಿ ಉಳಿದಿರುತ್ತದೆ. ಅದನ್ನು ನೋಡದೆ ಹೂತರೆ ಅದೇ ಲಾಯಕ್ಕೆ ಬರುವ ಮುಂದಿನ ಕುದುರೆಗೂ ಅದೇ ಗತಿ.

ವೈದ್ಯರು ಬರುವ ಮೊದಲು ಮಾಲೀಕರು ಸಿದ್ಧವಿಟ್ಟುಕೊಳ್ಳಬೇಕಾದ್ದು ಇಷ್ಟು: ಬೆಳಿಗ್ಗೆ, ಸಂಜೆಯ ಮೈಶಾಖ ಬರೆದ ಚೀಟಿ, ಮೂರು ತಿಂಗಳಲ್ಲಿ ಬದಲಾಯಿಸಿದ ಮೇವಿನ ವಿವರ, ಕೊಟ್ಟ ಔಷಧಗಳ ಖಾಲಿ ಸೀಸೆ, ಕುದುರೆ ನಡೆಯುವಾಗ ಹಿಂದಿನಿಂದ ತೆಗೆದ ಮೊಬೈಲ್ ವಿಡಿಯೊ, ಹತ್ತಿರದಲ್ಲಿ ಕಟ್ಟಿರುವ ದನ, ಎಮ್ಮೆಗಳ ಲೆಕ್ಕ. ರಕ್ತ ತೆಗೆಯುವ ತನಕ ಯಾವ ಔಷಧವನ್ನೂ ಸ್ವಂತ ಬುದ್ಧಿಯಿಂದ ಕೊಡಬಾರದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ನಂಜನಗೂಡು, ತಿ. ನರಸೀಪುರ ಎರಡೂ ಕಡೆಯ ತಾಲ್ಲೂಕು ಪಶು ಆಸ್ಪತ್ರೆಗಳಿಂದ ರಕ್ತದ ಮಾದರಿಯನ್ನು ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳುಹಿಸಿಕೊಡುವಂತೆ ಕೇಳಬಹುದು.